ಲೋನ್ ಅರ್ಜಿಗೆ ಮುಂಚೆ ರಿಪೋರ್ಟ್ ತೆಗೆದು ನೋಡು

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ನೀವಿಬ್ಬರೂ ಯಲಹಂಕದಲ್ಲಿ ಫ್ಲ್ಯಾಟ್ ನೋಡಿ ಬಂದಿರಂತೆ, ನಿಮ್ಮಪ್ಪ ಹೇಳಿದ. ತುಂಬ ಖುಷಿಯಾಯಿತು. ಲೋನ್‌ಗೆ ಅರ್ಜಿ ಹಾಕುವ ಮುಂಚೆ ನಿನ್ನ ಕ್ರೆಡಿಟ್ ರಿಪೋರ್ಟ್, ಅಂದರೆ ನಿನ್ನ ಸಾಲ ಮತ್ತು ಕಾರ್ಡುಗಳ ದಾಖಲೆ, ಒಮ್ಮೆ ತೆಗೆದು ನೋಡು ತಾಯಿ.

ನನಗಾದದ್ದು ಹೇಳುತ್ತೇನೆ. ಈ ಮನೆಗೆ ಮಹಡಿ ಕಟ್ಟಿಸಲು ಲೋನ್ ಕೇಳಿದ್ದೆ. ಬ್ಯಾಂಕ್ ಮ್ಯಾನೇಜರ್ ನನ್ನ ರಿಪೋರ್ಟ್ ತೆಗೆದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಯಾವತ್ತೋ ಕತ್ತರಿಸಿ ಬಿಸಾಡಿದ್ದ ಕ್ರೆಡಿಟ್ ಕಾರ್ಡ್ ಅದರಲ್ಲಿ ಇನ್ನೂ ಜೀವಂತವಾಗಿತ್ತು! ತಿಂಗಳಿಗೊಂದು ಚೌಕ. ಸಾಲಾಗಿ 000, 000. ಆಮೇಲೆ 30, 60, 90. ಅಷ್ಟು ದಿನದಿಂದ ಬಾಕಿ ಕಟ್ಟಿಲ್ಲ ಅಂತ ಅರ್ಥ. ಏನು ಬಾಕಿ? ವರ್ಷದ ಶುಲ್ಕ 500, ಜಿಎಸ್‌ಟಿ ಸೇರಿ 590 ರೂಪಾಯಿ. ಕಿರಾಣಿ ಅಂಗಡಿಯಲ್ಲೂ ಸಾಲ ಬರೆಸಿದವನಲ್ಲ ನಾನು, ಅವತ್ತು ತಲೆ ತಗ್ಗಿಸಿ ಕೂತಿದ್ದೆ. ದುಡ್ಡು ಆವತ್ತೇ ಕಟ್ಟಿದೆ. ಆ ಚೌಕಗಳು ಮಾತ್ರ ಹಾಗೇ ಉಳಿದವು. ಕಾರ್ಡ್ ಕತ್ತರಿಸಿದರೆ ಸಾಲದು, ಖಾತೆ ಮುಚ್ಚಿದ್ದಕ್ಕೆ ಬ್ಯಾಂಕಿನಿಂದ ಪತ್ರ ತೆಗೆದುಕೊಳ್ಳಬೇಕಿತ್ತು.

ಈ ರಿಪೋರ್ಟ್ ಕೊಡುವ ಕಂಪನಿ ಅಂದರೆ ಎಲ್ಲರೂ ಸಿಬಿಲ್ ಸಿಬಿಲ್ ಅನ್ನುತ್ತಾರೆ. ಅದರ ಜೊತೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಕೂಡ ಇವೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಅವರವರ ವೆಬ್‌ಸೈಟಿನಲ್ಲೇ ತೆಗೆದುಕೋ. ನಾವೇ ನೋಡಿಕೊಂಡರೆ ಸ್ಕೋರ್, ಅಂದರೆ ಸಾಲ ಕಟ್ಟಿದ ರೀತಿ ನೋಡಿ ನಮಗೆ ಕೊಡುವ ಅಂಕ, ಇಳಿಯುತ್ತದೆ ಅನ್ನುವುದು ಸುಳ್ಳು. ಒಂದೇ ಸಲ ನಾಲ್ಕಾರು ಕಡೆ ಲೋನ್‌ಗೆ ಅರ್ಜಿ ಹಾಕಿದರೆ ಇಳಿಯಬಹುದು.

300ರಿಂದ 900ರವರೆಗಿನ ಆ ಸ್ಕೋರ್ ಒಂದನ್ನೇ ನೋಡಿ ಮುಚ್ಚಿಡಬೇಡ. ಪ್ಯಾನ್ ನಂಬರ್ ಸರಿ ಇದೆಯಾ? ನೀನು ತೆಗೆದುಕೊಳ್ಳದ ಸಾಲ ಏನಾದರೂ ಇದೆಯಾ? ತಮ್ಮನ ಬೈಕ್ ಲೋನ್‌ಗೆ ಜಾಮೀನು ಹಾಕಿದ್ದೀಯಲ್ಲ, ಅದೂ ನಿನ್ನ ರಿಪೋರ್ಟಿನಲ್ಲಿ ಬರುತ್ತದೆ. ಅವನು ಕಂತು ತಪ್ಪಿಸಿದರೆ ನಿನಗೂ ಏಟು. ತೀರಿಸಿದ ಸಾಲದ ಮುಂದೆ ‘ಕ್ಲೋಸ್ಡ್’ ಅಂತಿರಬೇಕು. ‘ಸೆಟಲ್ಡ್’ ಅಂದರೆ ಪೂರ್ತಿ ಕಟ್ಟದೆ ಕಮ್ಮಿಗೆ ಮುಗಿಸಿದ್ದು, ಬ್ಯಾಂಕಿನವರಿಗೆ ಅದು ಇಷ್ಟವಾಗಲ್ಲ.

ತಪ್ಪು ಕಂಡರೆ ಅದೇ ವೆಬ್‌ಸೈಟಿನಲ್ಲಿ ದೂರು ಕೊಡು. 30 ದಿನದೊಳಗೆ ಇತ್ಯರ್ಥ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ನಿನಗೆ ಪರಿಹಾರ ಕೊಡಬೇಕು. ಅದಕ್ಕೇ ಹೇಳಿದ್ದು, ಫ್ಲ್ಯಾಟಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದೆರಡು ತಿಂಗಳು ಕೈಯಲ್ಲಿ ಇಟ್ಟುಕೋ.

ಭಾನುವಾರ ಊಟಕ್ಕೆ ಬನ್ನಿ. ರಿಪೋರ್ಟ್ ಪ್ರಿಂಟ್ ತಗೊಂಡು ಬಾ, ಒಂದೊಂದೇ ಸಾಲು ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ