'ಆಗ ನಿಜ, ಈಗ ನಾಟಕ' ಎನ್ನುವ ಮಾತು ಸರಿಯಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ಪುಟದಲ್ಲಿ ಬಂದ ಒಂದು ಪತ್ರ ಓದಿ ಸುಮ್ಮನಿರಲು ಆಗಲಿಲ್ಲ. ಟಿವಿಯಲ್ಲಿ ಬರುವ ರೆಸ್ಲಿಂಗ್ ಬಗ್ಗೆ ಬರೆದ ಹಿರಿಯರೊಬ್ಬರು 'ನಮ್ಮ ಕಾಲದಲ್ಲಿ ಹೊಡೆದಾಟ ನಿಜವಾಗಿತ್ತು, ಈಗ ಬರೀ ನಾಟಕ' ಎಂದಿದ್ದಾರೆ. ಅವರ ಬೇಸರ ಅರ್ಥವಾಗುತ್ತದೆ. ಆದರೆ ಇಸವಿ ಹಿಡಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ತೊಂಬತ್ತರ ದಶಕದಿಂದ ನಾನು ಇದನ್ನು ಬಿಡದೆ ನೋಡಿಕೊಂಡು ಬಂದವಳು. ಆಗ ಜೊತೆಗೆ ಅಣ್ಣ ಕೂರುತ್ತಿದ್ದ, ಈಗ ಮಗಳು ಕೂರುತ್ತಾಳೆ. ನಾನು ನೋಡದ ಕಾಲದ ಪಂದ್ಯಗಳನ್ನೂ ಹುಡುಕಿ ನೋಡಿದ್ದೇನೆ, ಓದಿದ್ದೇನೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಮಾಡುವುದು ಹೊಸದೇನೂ ಅಲ್ಲ. 1908ರಲ್ಲಿ ಶಿಕಾಗೊದಲ್ಲಿ ಫ್ರಾಂಕ್ ಗಾಚ್ ಮತ್ತು ಜಾರ್ಜ್ ಹ್ಯಾಕೆನ್‌ಶ್ಮಿಟ್ ಎರಡು ಗಂಟೆ ಸೆಣಸಿದರು. ಆ ಕಾಲದ ದೊಡ್ಡ ಪಂದ್ಯಗಳಲ್ಲಿ ಇಬ್ಬರೂ ಒಬ್ಬರ ಕತ್ತು ಒಬ್ಬರು ಹಿಡಿದು, ಯಾರೂ ಬೀಳದೆ, ಬಹಳ ಹೊತ್ತು ನಿಂತೇ ಇರುತ್ತಿದ್ದರು. ದುಡ್ಡು ಕೊಟ್ಟು ಬಂದವರಿಗೆ ಇದು ಸಾಕಾಗಿಹೋಯಿತು. 1920ರ ದಶಕದಲ್ಲಿ ಕುಸ್ತಿಪಟು ಎಡ್ 'ಸ್ಟ್ರ್ಯಾಂಗ್ಲರ್' ಲೂಯಿಸ್, ಅವರ ಮ್ಯಾನೇಜರ್ ಬಿಲ್ಲಿ ಸ್ಯಾಂಡೊ, ಇವರ ಜೊತೆ ಟೂಟ್ಸ್ ಮಾಂಟ್ ಸೇರಿ ಇಡೀ ಆಟವನ್ನೇ ಬದಲಿಸಿದರು. ಗೆಲ್ಲುವವರು ಯಾರು ಅನ್ನುವುದರ ಜೊತೆಗೆ ಪಂದ್ಯಕ್ಕೆ ಇಂತಿಷ್ಟು ಹೊತ್ತು ಅಂತಲೂ ಮೊದಲೇ ಗೊತ್ತುಮಾಡಿದರು. ಎತ್ತಿ ಒಗೆಯುವ ಪಟ್ಟುಗಳು ಬಂದವು. ಒಂದೇ ತಂಡ ಊರಿಂದ ಊರಿಗೆ ಹೋಗಿ, ಒಂದು ಊರಿನ ಜಗಳವನ್ನು ಇನ್ನೊಂದು ಊರಿನಲ್ಲಿ ಮುಂದುವರಿಸತೊಡಗಿತು. ಅಂದರೆ ಈಗ ನಾವು ನೋಡುವ ಆಟದ ಅಡಿಪಾಯ ನೂರು ವರ್ಷ ಹಳೆಯದು. ಪತ್ರ ಬರೆದ ಹಿರಿಯರು ಹುಟ್ಟುವ ಮೊದಲೇ ಇದು ಕಥೆಯಾಗಿತ್ತು.

ನಾಟಕದಲ್ಲಿ ಭೀಮ ತೊಡೆ ಮುರಿಯುತ್ತಾನೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಜನ ಕೊನೆಯವರೆಗೆ ಕೂರುತ್ತಾರೆ, ಅಲ್ವಾ? ಹಾಗಾಗಿ ನಿಜವೋ ಸುಳ್ಳೋ ಎನ್ನುವ ಪ್ರಶ್ನೆಯಲ್ಲಿ ನನಗೆ ಆಸಕ್ತಿ ಇಲ್ಲ. ಒಂದೊಂದು ಕಾಲದಲ್ಲೂ ನಿಜವಾಗಿ ಬದಲಾದವರು ನೋಡುವ ಜನ. ಅವರ ಜೊತೆಗೆ ರಿಂಗಿನೊಳಗಿನ ದೇಹಗಳ ಪಾಡೂ ಬದಲಾಯಿತು.

1963ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರೂನೊ ಸಮ್ಮಾರ್ಟಿನೊ 48 ಸೆಕೆಂಡಿನಲ್ಲಿ ಬಡ್ಡಿ ರಾಜರ್ಸ್‌ನನ್ನು ಸೋಲಿಸಿದ. ಇಟಲಿಯಿಂದ ವಲಸೆ ಬಂದ ಹುಡುಗ ಅವನು. ಮುಂದೆ ಏಳೂವರೆ ವರ್ಷ ಚಾಂಪಿಯನ್ ಬೆಲ್ಟ್ ಅವನ ಹತ್ತಿರವೇ ಇತ್ತು. 1971ರ ಜನವರಿಯಲ್ಲಿ ಅದೇ ಹೆಸರಿನ ಹೊಸ ಕಟ್ಟಡದಲ್ಲಿ ಇವಾನ್ ಕೋಲೋಫ್ ಕೈಲಿ ಸೋತಾಗ ಇಡೀ ಸಭಾಂಗಣ ಸದ್ದಿಲ್ಲದೆ ಹೋಯಿತು. ತನ್ನ ಕಿವಿಗೇ ಪೆಟ್ಟಾಗಿದೆಯೇನೋ ಅಂದುಕೊಂಡೆ ಅಂತ ಬ್ರೂನೊ ಆಮೇಲೆ ಹೇಳಿಕೊಂಡಿದ್ದಾರೆ. ಜನ ಅತ್ತರು. ಅದು ಎಂಥ ನಂಬಿಕೆ! ಆ ನಂಬಿಕೆಯ ಇನ್ನೊಂದು ಮುಖವೂ ಇತ್ತು. ವಿಲನ್ ಪಾತ್ರ ಮಾಡುವವರ ಕಾರಿನ ಟೈರ್ ಕೊಯ್ಯುತ್ತಿದ್ದರು, ರಿಂಗಿನಿಂದ ಒಳಗೆ ಹೋಗುವಾಗ ಚಾಕು ಹಾಕಿದವರೂ ಇದ್ದರು. ಹೊಟ್ಟೆಪಾಡಿಗೆ ಕೆಟ್ಟವನಾಗಿ ನಟಿಸಿದ ಮನುಷ್ಯ ಮನೆಗೆ ಹೆದರಿಕೊಂಡು ಹೋಗಬೇಕಿತ್ತು. ಆ ಕಾಲ ಮತ್ತೆ ಬರಲಿ ಎಂದು ನಾನು ಹೇಳಲಾರೆ.

ಗುಟ್ಟು ಕಾಯುವುದಂತೂ ಕುಸ್ತಿಯವರಿಗೆ ವ್ರತದ ಹಾಗೆ. ಅದನ್ನು ಅವರು ಕೇಫೇಬ್ ಅನ್ನುತ್ತಿದ್ದರು. ಹೀರೊ ಮತ್ತು ವಿಲನ್ ಒಂದೇ ಕಾರಿನಲ್ಲಿ ಹೋಗುವಂತಿಲ್ಲ, ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. 1987ರಲ್ಲಿ ಕಥೆಯ ಪ್ರಕಾರ ಕಡು ವೈರಿಗಳಾಗಿದ್ದ ಜಿಮ್ ಡಗ್ಗನ್ ಮತ್ತು ಐರನ್ ಶೇಕ್ ಒಂದೇ ಕಾರಿನಲ್ಲಿ ಮಾದಕ ವಸ್ತುವಿನ ಸಮೇತ ಪೊಲೀಸರಿಗೆ ಸಿಕ್ಕಿದರು. ಇಬ್ಬರ ಕೆಲಸವೂ ಹೋಯಿತು. ಮಾದಕ ವಸ್ತುವಿನಷ್ಟೇ ದೊಡ್ಡ ತಪ್ಪು ಅವರು ಜೊತೆಯಲ್ಲಿ ಇದ್ದದ್ದು! ಆದರೆ ಎರಡೇ ವರ್ಷಕ್ಕೆ, 1989ರಲ್ಲಿ, ವಿನ್ಸ್ ಮೆಕ್‌ಮಹನ್ ಅವರ ಕಂಪನಿಯೇ (ಈಗಿನ ಡಬ್ಲ್ಯುಡಬ್ಲ್ಯುಇ) ನ್ಯೂಜೆರ್ಸಿಯ ಶಾಸಕರ ಮುಂದೆ ಹೋಗಿ, ಇದು ಸ್ಪರ್ಧೆಯಲ್ಲ, ಮನರಂಜನೆ ಅಂತ ಹೇಳಿತು. ರಾಜ್ಯದ ಕ್ರೀಡಾ ನಿಯಂತ್ರಣ ಮತ್ತು ತೆರಿಗೆಯಿಂದ ತಪ್ಪಿಸಿಕೊಳ್ಳುವುದು ಉದ್ದೇಶ. ಅರವತ್ತು ವರ್ಷಕ್ಕೂ ಜಾಸ್ತಿ ಕಾಯ್ದ ಗುಟ್ಟು ದುಡ್ಡಿನ ಲೆಕ್ಕಕ್ಕೆ ಬಯಲಾಯಿತು.

ಇದಾದ ಮೇಲೆ ಜನ ಬಿಟ್ಟು ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ನನಗೆ ಆ ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮವಾದ 1987ರ ರೆಸಲ್‌ಮೇನಿಯ 3 ನೆನಪಾಗುತ್ತದೆ. ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ 93,173 ಜನ ಸೇರಿದ್ದರು ಅಂತ ಕಂಪನಿ ಹೇಳಿತು. ಆ ಲೆಕ್ಕದ ಬಗ್ಗೆ ಇವತ್ತಿಗೂ ವಾದ ಇದೆ. ಹಲ್ಕ್ ಹೋಗನ್ ಅವತ್ತು ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದ. ಎಲ್ಲರೂ ಹೋಗನ್ ತೋಳನ್ನು ನೋಡುತ್ತಾರೆ. ನಾನು ಆಂಡ್ರೆಯನ್ನು ನೋಡುತ್ತೇನೆ. ಅಕ್ರೊಮೆಗಲಿ ಕಾಯಿಲೆಯಿಂದ ದೇಹ ಬೆಳೆಯುತ್ತಲೇ ಇತ್ತು. ಬೆನ್ನಿಗೆ ಆಪರೇಷನ್ ಆಗಿತ್ತು. ಬಟ್ಟೆಯೊಳಗೆ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಅಂಥ ಮನುಷ್ಯ ತಾನು ಮೇಲೇಳಲು ಒಪ್ಪದಿದ್ದರೆ ಹೋಗನ್ ಏನು ಮಾಡಲು ಆಗುತ್ತಿತ್ತು? ನೋವು ನುಂಗಿಕೊಂಡು, ಇನ್ನೊಬ್ಬನನ್ನು ದೊಡ್ಡವನನ್ನಾಗಿ ಮಾಡಿ ಹೋದರು. ಆರು ವರ್ಷದೊಳಗೆ, 1993ರ ಜನವರಿಯಲ್ಲಿ, ತೀರಿಕೊಂಡರು. ಇದರಲ್ಲಿ ಸುಳ್ಳು ಯಾವುದು ಅಂತ ಆ ಹಿರಿಯರು ತೋರಿಸಲಿ.

ರಿಂಗಿನ ನೆಲದ ಬಗ್ಗೆಯೂ ಒಂದು ಮಾತು. ಅದು ಹಾಸಿಗೆಯಲ್ಲ. ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ತೆಳ್ಳನೆಯ ಫೋಮ್, ಮೇಲೊಂದು ಕ್ಯಾನ್ವಾಸ್ ಬಟ್ಟೆ, ಅಷ್ಟೆ. ಗದ್ದ ಎದೆಗೆ ಒತ್ತಿ, ಬೆನ್ನು ಪೂರ್ತಿ ಚಪ್ಪಟೆಯಾಗುವಂತೆ ಬೀಳುವುದನ್ನು ತಿಂಗಳುಗಟ್ಟಲೆ ಕಲಿಯಬೇಕು. ಕಲಿತ ಮೇಲೂ ನೋವು ನೋವೇ.

1996 ನನ್ನ ಮಟ್ಟಿಗೆ ಎಲ್ಲ ತಿರುಗಿದ ವರ್ಷ. ಮೇ ತಿಂಗಳಲ್ಲಿ ಕಂಪನಿ ಬಿಟ್ಟು ಹೊರಟಿದ್ದ ಕೆವಿನ್ ನ್ಯಾಶ್ ಮತ್ತು ಸ್ಕಾಟ್ ಹಾಲ್ ಅವರನ್ನು ಶಾನ್ ಮೈಕಲ್ಸ್, ಟ್ರಿಪಲ್ ಎಚ್ ಎಲ್ಲರೆದುರೇ ತಬ್ಬಿ ಬೀಳ್ಕೊಟ್ಟರು. ಆಗಷ್ಟೇ ಹೊಡೆದಾಡಿದವರು ಅವರು! ಅದಕ್ಕೆ ಶಿಕ್ಷೆ ಆದದ್ದು ಟ್ರಿಪಲ್ ಎಚ್‌ಗೆ. ಜೂನ್‌ನಲ್ಲಿ ಅವರಿಗೆ ಸಿಗಬೇಕಿದ್ದ ಕಿಂಗ್ ಆಫ್ ದಿ ರಿಂಗ್ ಪಂದ್ಯಾವಳಿಯ ಗೆಲುವು ಸ್ಟೀವ್ ಆಸ್ಟಿನ್‌ಗೆ ಹೋಯಿತು. ಆ ರಾತ್ರಿ ಆಸ್ಟಿನ್ ಬೈಬಲ್ಲಿನ 'ಜಾನ್ 3:16' ವಚನವನ್ನು ಅಣಕಿಸಿ ಆಡಿದ 'ಆಸ್ಟಿನ್ 3:16' ಮಾತು ಅಂಗಿ ಅಂಗಿಯ ಮೇಲೆ ಅಚ್ಚಾಯಿತು. ಒಂದು ಅಪ್ಪುಗೆಯಿಂದ ಒಂದು ಕಾಲವೇ ಹುಟ್ಟಿತು ಅನ್ನಬಹುದು. ಜುಲೈನಲ್ಲಿ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿ ಅಲ್ಲಿಯವರೆಗೆ ಹೀರೊ ಆಗಿದ್ದ ಹೋಗನ್ ಕೆಟ್ಟವನಾಗಿ ತಿರುಗಿದ. ಜನ ಕೈಗೆ ಸಿಕ್ಕಿದ್ದನ್ನೆಲ್ಲ ರಿಂಗಿಗೆ ಎಸೆದರು. ಇದು ಮನರಂಜನೆ ಅಂತ ಗೊತ್ತಿದ್ದ ಜನವೇ ಹೀಗೆ ಸಿಟ್ಟಾದರು. ನಮ್ಮ ಮನೆಯಲ್ಲಿ ಅಣ್ಣ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆ ಪೈಪೋಟಿಯ ವರ್ಷಗಳನ್ನು ಎಲ್ಲರೂ ಚಿನ್ನದ ಕಾಲ ಅನ್ನುತ್ತಾರೆ. ನಾನೂ ಅದನ್ನು ತುಂಬಾ ಪ್ರೀತಿಸಿದವಳೇ. ಆದರೆ ಅದಕ್ಕೆ ಕೊಟ್ಟ ಬೆಲೆಯನ್ನು ಬಿಟ್ಟು ಮಾತಾಡಬಾರದು. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಿಕ್ ಫೋಲಿ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಮೇಜಿನ ಮೇಲೆ ಬಿದ್ದರು. ಮತ್ತೆ ಹತ್ತಿದರು. ಪಂಜರದ ಚಾವಣಿ ಕಿತ್ತುಹೋಗಿ ಇನ್ನೊಮ್ಮೆ ಬಿದ್ದರು, ಅದು ಯೋಜನೆಯಲ್ಲೇ ಇರಲಿಲ್ಲ. ಮರುವರ್ಷ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಅವರನ್ನು ಚಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಬಿಚ್ಚಿಕೊಂಡು ಬಿದ್ದು ಪ್ರಾಣ ಹೋಯಿತು. ಇದು ಕಥೆಯ ಭಾಗವಲ್ಲ ಅಂತ ವೀಕ್ಷಕ ವಿವರಣೆಗಾರ ಜಿಮ್ ರಾಸ್ ಟಿವಿಯಲ್ಲಿ ಹೇಳಬೇಕಾಯಿತು. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ, ಕೊನೆಯವರೆಗೆ ನಡೆಯಿತು. ಅದನ್ನು ನಾನು ಯಾವತ್ತೂ ಒಪ್ಪಿಲ್ಲ. 2007ರಲ್ಲಿ ಕುಸ್ತಿಪಟು ಕ್ರಿಸ್ ಬೆನ್ವಾ ಹೆಂಡತಿ ಮಗನನ್ನು ಕೊಂದು ತಾನೂ ಸತ್ತ. ಅವನ ಮೆದುಳನ್ನು ಪರೀಕ್ಷಿಸಿದವರಿಗೆ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದಾಗುವ ಹಾನಿ ಕಂಡಿತು. ಆ ಕೊಲೆಗೆ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಕುರ್ಚಿಯಿಂದ ತಲೆಗೆ ಹೊಡೆಯುವುದನ್ನು ಡಬ್ಲ್ಯುಡಬ್ಲ್ಯುಇ 2010ರಲ್ಲಿ ನಿಲ್ಲಿಸಿತು. ಹಣೆ ಕೊಯ್ದುಕೊಂಡು ರಕ್ತ ಹರಿಸುವುದನ್ನು ಅದಕ್ಕೂ ಮೊದಲೇ ಬಿಡಿಸಿತ್ತು. ಆಟ ಸಪ್ಪೆಯಾಯಿತು ಅಂತ ಆಗ ತುಂಬಾ ಜನ ಬೈದರು. ಕುರ್ಚಿ ಏಟು ಇಲ್ಲದೆ ಸಪ್ಪೆಯಾಗುವ ಆಟವಾದರೆ ಅದು ಇರುವುದೇ ಬೇಡ ಅನ್ನುವವಳು ನಾನು.

ಹೆಣ್ಣುಮಗಳಾಗಿ ನನಗೆ ಹತ್ತಿರದ ಬದಲಾವಣೆ ಇನ್ನೊಂದಿದೆ. ಬಹಳ ವರ್ಷ ಹೆಂಗಸರ ಪಂದ್ಯ ಅಂದರೆ ಎರಡು ದೊಡ್ಡ ಪಂದ್ಯಗಳ ನಡುವೆ ಜನ ಎದ್ದು ಹೋಗುವ ಹೊತ್ತು. ಚಿಟ್ಟೆ ಆಕಾರದ ಗುಲಾಬಿ ಬೆಲ್ಟ್ ಕೊಟ್ಟು 'ದಿವಾ' ಅಂತ ಕರೆಯುತ್ತಿದ್ದರು. ಚೆನ್ನಾಗಿ ಕುಸ್ತಿ ಆಡಬಲ್ಲವರು ಆ ಬೆಲ್ಟ್ ಬರುವ ಮೊದಲೇ ಇದ್ದರು, ಲೀಟಾ ಮತ್ತು ಟ್ರಿಶ್ ಸ್ಟ್ರೇಟಸ್ ತರಹ. ಅವರಿಗೂ ಸಾಕಷ್ಟು ಹೊತ್ತು ಸಿಗುತ್ತಿದ್ದದ್ದು ಅಪರೂಪ. 2015ರ ಫೆಬ್ರವರಿಯಲ್ಲಿ ನಾಲ್ವರು ಹುಡುಗಿಯರ ಒಂದು ಪಂದ್ಯ ಸುಮಾರು 30 ಸೆಕೆಂಡಿಗೆ ಮುಗಿಯಿತು. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ನಿಮಿಷ! ಅವತ್ತು ನೋಡುವವರು ಸುಮ್ನೆ ಇರಲಿಲ್ಲ, ಇವರಿಗೂ ಅವಕಾಶ ಕೊಡಿ ಅಂತ ಟ್ವಿಟರ್ ತುಂಬ ಬರೆದರು. ಮರುವರ್ಷ ಚಿಟ್ಟೆ ಬೆಲ್ಟ್ ಹೋಯಿತು. 2019ರ ರೆಸಲ್‌ಮೇನಿಯದ ಕೊನೆಯ ಪಂದ್ಯ ಬೆಕಿ ಲಿಂಚ್, ರೊಂಡಾ ರೌಸಿ, ಶಾರ್ಲೆಟ್ ಫ್ಲೇರ್ ಅವರದ್ದಾಯಿತು. ಹೆಂಗಸರಿಗೆ ಆ ಜಾಗ ಸಿಕ್ಕಿದ್ದು ಅದೇ ಮೊದಲು. ನನ್ನ ಮಗಳಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅವಳಿಗೆ ಬೆಕಿ ಅಂದರೆ ಚಾಂಪಿಯನ್, ಅಷ್ಟೆ. ನನಗೆ ಅದೇ ಸಂತೋಷ.

ಗುಟ್ಟು ಬಯಲಾದ ಮೇಲೆ ನೋಡುವವರಿಗೆ ಒಂದು ಹೊಸ ಅಧಿಕಾರ ಬಂತು. 2014ರ ಜನವರಿಯಲ್ಲಿ ರಾಯಲ್ ರಂಬಲ್ ಎಂಬ ದೊಡ್ಡ ಪಂದ್ಯ ಗೆದ್ದ ಬಟಿಸ್ಟಾನನ್ನು ಜನ ಕೂಗಿ ಕೂಗಿ ತಿರಸ್ಕರಿಸಿದರು. ಅವರಿಗೆ ಬೇಕಿದ್ದವನು ಸಣ್ಣ ಆಳು, ಗಡ್ಡದ ಡೇನಿಯಲ್ ಬ್ರಯನ್. ಕಂಪನಿ ಕಥೆ ಬದಲಿಸಿತು. ಏಪ್ರಿಲ್‌ನಲ್ಲಿ ಬ್ರಯನ್ ಚಾಂಪಿಯನ್ ಆದ. ಅದೇ ರಾತ್ರಿ ರೆಸಲ್‌ಮೇನಿಯದಲ್ಲಿ 21 ಸಲ ಗೆದ್ದು ಒಮ್ಮೆಯೂ ಸೋಲದ ಅಂಡರ್‌ಟೇಕರ್, ಬ್ರಾಕ್ ಲೆಸ್ನರ್‌ಗೆ ಸೋತ. ಬಾಯಿ ತೆರೆದು ದಂಗಾಗಿ ನಿಂತ ಜನರ ಮುಖಗಳನ್ನು ಕ್ಯಾಮೆರಾ ತೋರಿಸಿತು. ಇದು ಬರೆದಿಟ್ಟ ಕಥೆ ಅಂತ ಅವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಎದೆ ಒಡೆಯುತ್ತದೆ. 2024ರಲ್ಲಿ ಕೋಡಿ ರೋಡ್ಸ್‌ನನ್ನು ಬದಿಗಿಟ್ಟು ರಾಕ್‌ನನ್ನು ತರಲು ಕಂಪನಿ ಹೊರಟಾಗಲೂ ಜನ ಬಿಡಲಿಲ್ಲ. ಕೊನೆಗೆ 1,316 ದಿನ ಚಾಂಪಿಯನ್ ಆಗಿದ್ದ ರೋಮನ್ ರೇನ್ಸ್‌ನನ್ನು ಕೋಡಿಯೇ ಸೋಲಿಸಿದ. 2020ರಲ್ಲಿ ಕೊರೊನಾ ಕಾರಣಕ್ಕೆ ಖಾಲಿ ಕುರ್ಚಿಗಳ ಮುಂದೆ ರೆಸಲ್‌ಮೇನಿಯ ನಡೆಸಿದರಲ್ಲ, ಅದನ್ನು ನೋಡಿದವರಿಗೆ ಈ ಆಟದಲ್ಲಿ ಜನರ ಪಾಲು ಎಷ್ಟು ಅಂತ ಬೇರೆ ಹೇಳಬೇಕಿಲ್ಲ. ಅದೇ ಏಟು, ಅದೇ ಬೀಳು, ಜೀವವೇ ಇಲ್ಲ.

ಈಗಿನದೆಲ್ಲ ಒಳ್ಳೆಯದು ಅಂತ ನಾನೇನೂ ವಾದಿಸುತ್ತಿಲ್ಲ. ನನಗೂ ದೂರುಗಳಿವೆ. ಹಿಂದೆ ಜೇಕ್ ರಾಬರ್ಟ್ಸ್ ಡಿಡಿಟಿ, ಅಂದರೆ ಎದುರಾಳಿಯ ತಲೆಯನ್ನು ಕಂಕುಳಲ್ಲಿ ಹಿಡಿದು ನೆಲಕ್ಕೆ ಕುಕ್ಕುವ ಪಟ್ಟು, ಹಾಕಿದರೆ ಪಂದ್ಯ ಮುಗಿದ ಹಾಗೇ. ಈಗ ಅದೇ ಪಟ್ಟು ಪಂದ್ಯದ ಮಧ್ಯದಲ್ಲಿ ಬಂದು ಹೋಗುತ್ತದೆ, ತಿಂದವನು ಎರಡು ನಿಮಿಷಕ್ಕೆ ಎದ್ದು ಹಾರುತ್ತಾನೆ. ಹುಡುಗರ ಮೈ ಹಿಂದೆಂದಿಗಿಂತ ಚುರುಕಾಗಿದೆ, ನಿಜ. ಆದರೆ ತಿಂದ ಏಟಿಗೆ ಮರ್ಯಾದೆ ಕೊಡಬೇಕು. ಕಾಲು ನೋಯಿಸಿಕೊಂಡವನು ಕುಂಟಬೇಕು. ಆ ನಿಧಾನ ಹೋಗಿದೆ. ಅದು ನನಗೆ ಬೇಕು. ಇನ್ನೊಂದು, ಜಾಹೀರಾತು. 2023ರಲ್ಲಿ ಡಬ್ಲ್ಯುಡಬ್ಲ್ಯುಇ ಮತ್ತು ನಿಜವಾದ ಹೊಡೆದಾಟದ ಪಂದ್ಯ ನಡೆಸುವ ಯುಎಫ್‌ಸಿ ಸೇರಿ ಟಿಕೆಒ ಎಂಬ ಕಂಪನಿ ಆಯಿತು. 2025ರ ಜನವರಿಯಿಂದ ವಾರದ ಕಾರ್ಯಕ್ರಮ 'ರಾ' ನೆಟ್‌ಫ್ಲಿಕ್ಸ್‌ಗೆ ಹೋಯಿತು. ದುಡ್ಡು ಜಾಸ್ತಿಯಾದ ಹಾಗೆ ರಿಂಗಿನ ಬಿಳಿ ನೆಲದ ಮೇಲೆಲ್ಲ ಬ್ರಾಂಡ್‌ಗಳ ಹೆಸರು. ಮನುಷ್ಯ ಸೋತು ಬಿದ್ದಿರುವಾಗ ಅವನ ಮುಖದ ಪಕ್ಕದಲ್ಲಿ ತಂಪು ಪಾನೀಯದ ಹೆಸರು ಓದುವುದು ಹಿಂಸೆ. 2019ರಲ್ಲಿ ಶುರುವಾದ ಎಇಡಬ್ಲ್ಯು ಎಂಬ ಇನ್ನೊಂದು ಕಂಪನಿ ಇರುವುದು ಸಮಾಧಾನ. ಪೈಪೋಟಿ ಇದ್ದಾಗಲೇ ಈ ಆಟ ಚೆನ್ನಾಗಿರುವುದು.

ಪತ್ರ ಬರೆದ ಹಿರಿಯರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಎರಡು ಪಂದ್ಯ ನೋಡಿ. ಮೊದಲನೆಯದು ನಿಮ್ಮ ಕಾಲದ್ದೇ. 1987ರ ಅದೇ ಸಿಲ್ವರ್‌ಡೋಮ್‌ನಲ್ಲಿ ರಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಆಡಿದ್ದು. ಹದಿನೈದು ನಿಮಿಷವೂ ಇಲ್ಲ. ಸ್ಯಾವೇಜ್ ಅದರ ಒಂದೊಂದು ಹೆಜ್ಜೆಯನ್ನೂ ಮೊದಲೇ ಬರೆದು, ಇಬ್ಬರೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನಿಮಗೆ ಅದು ನಿಜ ಅನ್ನಿಸಿದ್ದರೆ ಅದಕ್ಕೆ ಆ ಪಾಠವೇ ಕಾರಣ. ಎರಡನೆಯದು 2015ರ ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಸಾಶಾ ಬ್ಯಾಂಕ್ಸ್ ಮತ್ತು ಬೇಲಿ ಆಡಿದ್ದು. ಬೇಲಿಯ ಪೆಟ್ಟಾದ ಕೈಯನ್ನು ಸಾಶಾ ತುಳಿಯುವಾಗ ಜನ ಎಬ್ಬಿಸುವ ಗದ್ದಲವನ್ನು ಗಮನಿಸಿ. ನೋಡಿದ ಮೇಲೆ ನಿಮ್ಮ ಅಭಿಪ್ರಾಯವನ್ನು ಇದೇ ಪುಟಕ್ಕೆ ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಕಾಯಂ ಓದುಗರಲ್ಲಿ ಒಬ್ಬಳು