ಕ್ರಿಪ್ಟೋ ನಿಷೇಧ ಕೇಳುವ ಮೊದಲು: ದಕ್ಷಿಣ ಕನ್ನಡದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಸಣ್ಣ ಆಫೀಸು ಇಟ್ಟುಕೊಂಡಿರುವ ತೆರಿಗೆ ಸಲಹೆಗಾರ. ಸಂಬಳದವರು, ಅಂಗಡಿಯವರು, ಅಡಿಕೆ ತೋಟದವರು, ಗಲ್ಫ್‌ನಿಂದ ಹಣ ಕಳಿಸುವವರು, ಇವರೆಲ್ಲರ ರಿಟರ್ನ್ ತುಂಬುವುದು ನನ್ನ ಕೆಲಸ. ನನ್ನ ಬಳಿ ಬಿಟ್‌ಕಾಯಿನ್‌ನಂಥ ಕ್ರಿಪ್ಟೋ, ಅಂದರೆ ಯಾವ ಸರ್ಕಾರವೂ ಹೊರಡಿಸದ ಡಿಜಿಟಲ್ ನಾಣ್ಯ, ಇಲ್ಲ. ಕೊಳ್ಳಿ ಅಂತ ಯಾರಿಗೂ ಹೇಳಿದವನೂ ಅಲ್ಲ. ಕೇಳಿದವರಿಗೆ "ಬೇಡ ಮಾರಾಯ್ರೆ" ಎಂದೇ ಹೇಳುತ್ತೇನೆ. ಆದರೂ "ಕ್ರಿಪ್ಟೋವನ್ನು ಪೂರ್ತಿ ನಿಷೇಧಿಸಿ" ಎಂಬ ಬೇಡಿಕೆಗೆ ನೀವು ದನಿಗೂಡಿಸಬಾರದು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಆ ಬೇಡಿಕೆ ಯಾಕೆ ಬರುತ್ತದೆ ಅಂತ ನನಗೂ ಗೊತ್ತು. ಯಾರೋ ವಾಟ್ಸಾಪ್ ಗ್ರೂಪಿಗೆ ಸೇರಿಸುತ್ತಾರೆ. ಒಂದು ಆ್ಯಪ್ ಹಾಕಿಸುತ್ತಾರೆ. ಅದರಲ್ಲಿ ಹಣ ದಿನಾ ಬೆಳೆಯುವುದು ಕಾಣುತ್ತದೆ, ತೆಗೆಯಲು ಹೋದರೆ ಬರುವುದಿಲ್ಲ. ನಿವೃತ್ತ ಮೇಷ್ಟ್ರು, ಮನೆ ಕಟ್ಟಲು ಹಣ ಕೂಡಿಟ್ಟ ದಂಪತಿ, ಇಂಥವರೇ ಸಿಕ್ಕಿಬೀಳುತ್ತಾರೆ. ಹಣ ನಾಲ್ಕಾರು ಬಾಡಿಗೆ ಖಾತೆಗಳನ್ನು ದಾಟಿ, ಯುಎಸ್‌ಡಿಟಿ ಎಂಬ, ಡಾಲರಿಗೆ ಕಟ್ಟಿದ ಕ್ರಿಪ್ಟೋ ನಾಣ್ಯ ಆಗಿ, ದೇಶದ ಹೊರಗೆ ಹೋಗಿರುತ್ತದೆ. ಮರುದಿನ ಪೇಪರಿನಲ್ಲಿ "ಕ್ರಿಪ್ಟೋ ವಂಚನೆ" ಎಂದು ಬರುತ್ತದೆ. ಓದಿದವರು ನಿಷೇಧಿಸಿ ಅನ್ನುತ್ತಾರೆ. ಸಹಜವೇ.

ಆದರೆ ಮೋಸ ಮಾಡುವುದು ಈಗಲೇ ಅಪರಾಧ. ಅದನ್ನು ಇನ್ನೊಮ್ಮೆ ನಿಷೇಧಿಸಿ ಏನೂ ಸಿಗುವುದಿಲ್ಲ. ಕ್ರಿಪ್ಟೋ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿದರೆ ಏನಾಗುತ್ತದೆ ಎಂದು ಒಮ್ಮೆ ಯೋಚಿಸಿ. ಹಣ ಕಳೆದುಕೊಂಡ ಆ ಮೇಷ್ಟ್ರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಲ್ಲ, "ನಾನು ಕ್ರಿಪ್ಟೋ ಕೊಳ್ಳಲು ಹಣ ಹಾಕಿದ್ದೆ" ಎಂದು ಅವರೇ ಹೇಳಬೇಕು. ಅಂದರೆ ತಪ್ಪೊಪ್ಪಿಗೆ ಕೊಟ್ಟ ಹಾಗೆ. 2019ರಲ್ಲಿ ಕೇಂದ್ರದ ಸಮಿತಿ ಸಿದ್ಧಪಡಿಸಿದ್ದ ಕರಡು ಮಸೂದೆಯಲ್ಲಿ 10 ವರ್ಷದವರೆಗೆ ಜೈಲು ಎಂದಿತ್ತು, ಬರೀ ಇಟ್ಟುಕೊಂಡವನಿಗೂ. ಆ ಮಸೂದೆ ಸಂಸತ್ತಿಗೆ ಬರಲಿಲ್ಲ, ಪುಣ್ಯ. ಬಂದಿದ್ದರೆ ಮೋಸ ಹೋದವರು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು. ಮೋಸ ಮಾಡಿದವನಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಬೇಕಾ?

ನಿಷೇಧದ ರುಚಿ ನಮ್ಮ ಕರಾವಳಿಗೆ ಹೊಸತಲ್ಲ. ಊರಿನ ಹಳೆಯ ಚಿನ್ನದ ಆಚಾರಿಗಳನ್ನು ಕೇಳಿ. 1963ರ ಜನವರಿ. ಚೀನಾ ಯುದ್ಧ ಮುಗಿದು ತಿಂಗಳುಗಳಷ್ಟೇ ಆಗಿತ್ತು. ದೇಶದ ಬಳಿ ಸಾಕಷ್ಟು ವಿದೇಶಿ ವಿನಿಮಯ ಇರಲಿಲ್ಲ. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದು ಎಂಬ ನಿಯಮ ಬಂತು. 14 ಕ್ಯಾರೆಟ್‌ನಲ್ಲಿ ಕರಿಮಣಿ ಮಾಡಿಸಿಕೊಳ್ಳುವ ಮನೆ ನಮ್ಮಲ್ಲಿ ಯಾವುದುಂಟು? ಅಕ್ಕಸಾಲಿಗರ ಕೆಲಸ ಹೋಯಿತು. ಕುಲಕಸುಬು ಬಿಟ್ಟು ಬೇರೆ ದಾರಿ ಹಿಡಿದವರು ಎಷ್ಟೋ ಮಂದಿ. 14 ಕ್ಯಾರೆಟ್ ನಿಯಮವನ್ನು 1966ರಲ್ಲಿ ಕೈಬಿಟ್ಟರು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂತು. ಗಟ್ಟಿ, ಬಿಸ್ಕತ್ತು ಮನೆಯಲ್ಲಿ ಇಡುವಂತಿಲ್ಲ. ಅಕ್ಕಸಾಲಿಗನ ಬಳಿ ಇರಬಹುದಾದ ಚಿನ್ನಕ್ಕೂ ಗ್ರಾಂ ಲೆಕ್ಕದ ಮಿತಿ.

ಜನ ಚಿನ್ನ ಬಿಟ್ಟರಾ? ಇಲ್ಲ. ಚಿನ್ನ ದೋಣಿ ಹತ್ತಿತು. ದುಬೈಯಿಂದ ಹೊರಟದ್ದು ಪಶ್ಚಿಮ ಕರಾವಳಿಯಲ್ಲಿ ರಾತ್ರಿ ಇಳಿಯುತ್ತಿತ್ತು. ಬಿಸ್ಕತ್ತು ಎಂದರೆ ತಿನ್ನುವುದಲ್ಲ ಎಂದು ಮಕ್ಕಳಿಗೂ ಗೊತ್ತಿದ್ದ ಕಾಲ ಅದು. ಲಾಭ ಮಾಡಿದವರು ಯಾರು, ಜೈಲಿಗೆ ಹೋದ ಕೂಲಿಗಳು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 1990ರ ಜೂನ್‌ನಲ್ಲಿ ಆ ಕಾಯಿದೆ ರದ್ದಾಯಿತು. ಇವತ್ತು ಹಾಲ್‌ಮಾರ್ಕ್ ನೋಡಿ, ಬಿಲ್ ತೆಗೆದುಕೊಂಡು, ಜಿಎಸ್‌ಟಿ ಕಟ್ಟಿ ಚಿನ್ನ ಕೊಳ್ಳುತ್ತೇವೆ. ಬಜಪೆ ವಿಮಾನ ನಿಲ್ದಾಣದಲ್ಲಿ ಪೇಸ್ಟ್ ಮಾಡಿ ತಂದ ಚಿನ್ನ ಸಿಕ್ಕಿಬಿತ್ತು ಎಂಬ ಸುದ್ದಿ ಆಮೇಲೂ ಓದಿದ್ದೇವೆ, ನಿಜ. ಅದು ಸುಂಕ ತಪ್ಪಿಸುವವರ ಕತೆ, ಮನೆಯಲ್ಲಿ ನಾಣ್ಯ ಇಟ್ಟುಕೊಂಡವರನ್ನು ಅಪರಾಧಿ ಮಾಡುವ ಕತೆಯಲ್ಲ.

ಚಿನ್ನಕ್ಕಾದರೂ ತೂಕ ಉಂಟು. ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ಕ್ರಿಪ್ಟೋ ವಾಲೆಟ್ಟಿನ ಕೀಲಿ ಎಂದರೆ ಹೆಚ್ಚಾಗಿ 12 ಅಥವಾ 24 ಇಂಗ್ಲಿಷ್ ಪದಗಳ ಒಂದು ಸಾಲು. ಅದನ್ನು ಬಾಯಿಪಾಠ ಮಾಡಿಕೊಂಡವನು ಬರಿಗೈಯಲ್ಲಿ ವಿಮಾನ ಹತ್ತಬಹುದು. ಯಾವ ಕಸ್ಟಮ್ಸ್ ಅಧಿಕಾರಿ ಏನು ಹಿಡಿಯುತ್ತಾರೆ?

ನಮ್ಮಂಥ ದೇಶಗಳು ಇದನ್ನು ಈಗಾಗಲೇ ಮಾಡಿ ನೋಡಿವೆ. ನೈಜೀರಿಯಾದ ಕತೆ ಹೇಳಲೇಬೇಕು. 2021ರ ಫೆಬ್ರವರಿಯಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಆದೇಶ ಕೊಟ್ಟಿತು: ಕ್ರಿಪ್ಟೋ ವ್ಯವಹಾರ ಮಾಡುವವರ ಖಾತೆ ಹುಡುಕಿ ಮುಚ್ಚಿ. ಖಾತೆಗಳು ಮುಚ್ಚಿದವು, ವ್ಯವಹಾರ ನಿಲ್ಲಲಿಲ್ಲ. ಜನ ಪಿ2ಪಿಗೆ ಹೋದರು. ಅಂದರೆ ವಾಟ್ಸಾಪ್, ಟೆಲಿಗ್ರಾಂನಲ್ಲಿ ಗುರುತಿಲ್ಲದವನಿಗೆ ನೇರವಾಗಿ ಹಣ ಹಾಕಿ ಕಾಯಿನ್ ಪಡೆಯುವುದು. ಅವರ ಕರೆನ್ಸಿ ನೈರಾ ದಿನಾ ಬೀಳುತ್ತಿತ್ತು. ಹಣದುಬ್ಬರ ಏರುತ್ತಿತ್ತು. ಉಳಿತಾಯ ಕರಗುವುದನ್ನು ನೋಡುತ್ತಾ ಸುಮ್ನೆ ಕೂರಲು ಯಾರಿಗೆ ಸಾಧ್ಯ? ಅದೇ ವರ್ಷ ಅಕ್ಟೋಬರ್‌ನಲ್ಲಿ ಸರ್ಕಾರ ತನ್ನದೇ ಡಿಜಿಟಲ್ ಹಣ ಇ-ನೈರಾ ತಂದಿತು. ಜನ ಅದರ ಕಡೆ ತಿರುಗಿಯೂ ನೋಡಲಿಲ್ಲ ಎನ್ನಬಹುದು. 2023ರ ಡಿಸೆಂಬರ್‌ನಲ್ಲಿ ಅದೇ ಕೇಂದ್ರ ಬ್ಯಾಂಕ್ ಆದೇಶ ಹಿಂದೆಗೆದುಕೊಂಡು, ಪರವಾನಗಿ ಇರುವ ಕಂಪನಿಗಳಿಗೆ ಖಾತೆ ತೆರೆಯಲು ನಿಯಮ ಬರೆಯಿತು. 2025ರಲ್ಲಿ ಷೇರು-ಹೂಡಿಕೆ ಕಾನೂನಿನ ಒಳಗೇ ಅದಕ್ಕೆ ಜಾಗ ಮಾಡಿದರು. ಸುಮಾರು ಮೂರು ವರ್ಷದ ನಿಷೇಧದಲ್ಲಿ ಸರ್ಕಾರ ಕಳೆದುಕೊಂಡದ್ದು ಒಂದೇ: ಯಾರು ಯಾರಿಗೆ ಕೊಟ್ಟರು ಎಂಬ ಲೆಕ್ಕ.

ಬೊಲಿವಿಯಾ 2014ರಲ್ಲಿ ನಿಷೇಧಿಸಿತ್ತು. ಹತ್ತು ವರ್ಷ ಆದ ಮೇಲೆ, 2024ರ ಜೂನ್‌ನಲ್ಲಿ, ಡಾಲರ್ ಸಿಗದೆ ಒದ್ದಾಡುತ್ತಿದ್ದಾಗ ತೆಗೆದುಹಾಕಿತು. ಮರುವರ್ಷ ಅಲ್ಲಿನ ಸರ್ಕಾರಿ ತೈಲ ಕಂಪನಿಯೇ ಇಂಧನ ಆಮದಿಗೆ ಕ್ರಿಪ್ಟೋ ಬಳಸುವ ಮಾತಾಡಿತು! ಪಾಕಿಸ್ತಾನದ ಕೇಂದ್ರ ಬ್ಯಾಂಕ್ 2018ರಲ್ಲಿ ಕ್ರಿಪ್ಟೋಗೆ ಬಾಗಿಲು ಹಾಕಿತ್ತು, 2025ರಲ್ಲಿ ಸರ್ಕಾರ ಕ್ರಿಪ್ಟೋ ಮಂಡಳಿ ಮಾಡಿತು. ನೇಪಾಳ, ಅಲ್ಜೀರಿಯಾ ಇನ್ನೂ ಬಿಗಿಯಾಗಿಯೇ ಇವೆ. ಚೀನಾದಷ್ಟು ಕಣ್ಗಾವಲು ಇರುವ ದೇಶ ಇನ್ನೊಂದಿಲ್ಲ ಅಲ್ವಾ? ಅಲ್ಲೂ 2021ರಲ್ಲಿ ಮೈನಿಂಗ್ (ಕಂಪ್ಯೂಟರ್ ಓಡಿಸಿ ಹೊಸ ಬಿಟ್‌ಕಾಯಿನ್ ಗಳಿಸುವ ಕೆಲಸ) ನಿಷೇಧಿಸಿದ ಕೆಲವೇ ತಿಂಗಳಲ್ಲಿ, 2022ರ ಆರಂಭಕ್ಕೆ, ಜಗತ್ತಿನ ಬಿಟ್‌ಕಾಯಿನ್ ಮೈನಿಂಗ್‌ನ ಐದನೇ ಒಂದು ಭಾಗದಷ್ಟು ಕದ್ದುಮುಚ್ಚಿ ನಡೆಯುತ್ತಿತ್ತು ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಅಂದಾಜು ಮಾಡಿದ್ದರು.

ರಿಸರ್ವ್ ಬ್ಯಾಂಕಿನ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಡಾಲರಿಗೆ ಕಟ್ಟಿದ ಸ್ಟೇಬಲ್‌ಕಾಯಿನ್‌ಗಳಲ್ಲೇ ಜನ ಉಳಿತಾಯ ಮಾಡಲು ಶುರು ಮಾಡಿದರೆ ರೂಪಾಯಿಯ ಮೇಲೆ ಹಿಡಿತ ತಪ್ಪುತ್ತದೆ. ಹಣ ಗಡಿ ದಾಟಿ ಓಡುತ್ತದೆ. ಅಮೆರಿಕಕ್ಕೆ ಇಲ್ಲದ ಚಿಂತೆ ಇದು, ನಮ್ಮಂಥವರಿಗೆ ಮಾತ್ರ ಇರುವುದು. ನಿಷೇಧದ ಪರ ಇರುವ ವಾದಗಳಲ್ಲಿ ಗಟ್ಟಿಯಾದದ್ದು ಇದೊಂದೇ ಎಂದು ನನ್ನ ಅನಿಸಿಕೆ. ಆದರೆ ಓಡುವ ಹಣವನ್ನು ಹಿಡಿಯಬೇಕಾದರೆ ಅದು ಕಣ್ಣಿಗೆ ಕಾಣಬೇಕು. 2023ರಲ್ಲಿ ಜಿ20 ಅಧ್ಯಕ್ಷತೆ ನಮ್ಮದೇ ಆಗಿದ್ದಾಗ ಐಎಂಎಫ್ ಮತ್ತು ಜಾಗತಿಕ ಹಣಕಾಸು ಸ್ಥಿರತೆ ಮಂಡಳಿ (ಎಫ್‌ಎಸ್‌ಬಿ) ಸೇರಿ ಒಂದು ವರದಿ ಕೊಟ್ಟವು. ಸಾರಾಸಗಟು ನಿಷೇಧ ದುಬಾರಿ, ಜಾರಿ ಮಾಡುವುದು ಕಷ್ಟ, ಜನ ಅಡ್ಡದಾರಿ ಹುಡುಕುವಂತೆ ಮಾಡುತ್ತದೆ ಎಂಬುದೇ ಅದರ ಮಾತು. ಹೊರಗಿನವರು ಬಂದು ಹೇಳಿದ್ದಲ್ಲ, ದೆಹಲಿಯಲ್ಲಿ ನಮ್ಮ ಮೇಜಿನ ಮೇಲೆ ಇಟ್ಟದ್ದು.

ಇನ್ನು ನಮ್ಮ ದೇಶದ ಸ್ಥಿತಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಿದ್ದಕ್ಕೆ ಪೊಲೀಸರು ಯಂತ್ರವನ್ನೇ ಹೊತ್ತುಕೊಂಡು ಹೋದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು. ಬ್ಯಾಂಕುಗಳಿಗೆ ಇದರಿಂದ ಹಾನಿ ಆಗಿದೆ ಎಂದು ತೋರಿಸದೆ ಇಷ್ಟು ಕಠಿಣ ಕ್ರಮ ಸರಿಯಲ್ಲ ಎಂದಿತು. 2022ರ ಬಜೆಟ್‌ನಲ್ಲಿ ತೆರಿಗೆ ಬಂತು. ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ಅಡಿ 2023ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜ್‌ಗಳನ್ನು, ಅಂದರೆ ಕ್ರಿಪ್ಟೋ ಕೊಂಡು ಮಾರಲು ವೇದಿಕೆ ಕೊಡುವ ಕಂಪನಿಗಳನ್ನು, ತಂದರು. ಅಷ್ಟೇ. ಗ್ರಾಹಕನನ್ನು ಕಾಯುವ ಒಂದು ಕಾನೂನೂ ಇಲ್ಲ.

ತೆರಿಗೆ ಹೇಗಿದೆ ಅಂತ ಕೇಳಿ, ಇದು ನನ್ನ ದಿನದ ಕೆಲಸ. ಸುರತ್ಕಲ್‌ನ ಒಬ್ಬ ಹುಡುಗ ಒಂದು ಕಾಯಿನ್‌ನಲ್ಲಿ 50,000 ರೂಪಾಯಿ ಲಾಭ ಮಾಡಿದ, ಇನ್ನೊಂದರಲ್ಲಿ 60,000 ಕಳೆದುಕೊಂಡ ಎಂದಿಟ್ಟುಕೊಳ್ಳಿ. ಒಟ್ಟು 10,000 ನಷ್ಟ. ಆದರೂ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್ ಸೇರಿ 15,600 ರೂಪಾಯಿ ಕಟ್ಟಬೇಕು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಷೇರಿನಲ್ಲಿ ಸಟ್ಟಾ ಆಡಿದವನಿಗೂ ಆ ಅವಕಾಶ ಉಂಟು. ಜೊತೆಗೆ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್. ನಾನು ಲೆಕ್ಕ ತೋರಿಸಿದರೆ ಹುಡುಗರು ನಗುತ್ತಾರೆ. ಮುಂದಿನ ಸಲ ನನ್ನ ಬಳಿ ಬರುವುದಿಲ್ಲ. ವಿದೇಶಿ ಆ್ಯಪ್‌ಗೋ ಟೆಲಿಗ್ರಾಂಗೋ ಹೋಗುತ್ತಾರೆ. ಕಾಯಿದೆ ಇಲ್ಲದೆಯೇ ಅರ್ಧ ನಿಷೇಧ ಮಾಡಿಬಿಟ್ಟಿದ್ದೇವೆ.

ಟೆಲಿಗ್ರಾಂಗೆ ಹೋದವರ ಪಾಡು ನೋಡಿಯೇ ಈ ಪತ್ರ ಬರೆಯಲು ಕೂತದ್ದು. ಒಬ್ಬ ತನ್ನ ಬಳಿ ಇದ್ದ 40,000 ರೂಪಾಯಿಯ ಯುಎಸ್‌ಡಿಟಿಯನ್ನು ಗುರುತಿಲ್ಲದವನಿಗೆ ಮಾರುತ್ತಾನೆ. ಹಣ ಯುಪಿಐಯಲ್ಲಿ ಬರುತ್ತದೆ. ಆ ಹಣ ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತಂದದ್ದು. ಅಲ್ಲಿ ದೂರು ದಾಖಲಾಗುತ್ತದೆ. ಪೊಲೀಸರು ಹಣದ ಜಾಡು ಹಿಡಿದು ಬರುತ್ತಾರೆ. ಒಂದು ಬೆಳಿಗ್ಗೆ ಇವನ ಖಾತೆ ಪೂರ್ತಿ ಫ್ರೀಜ್. ಸಂಬಳ ಬರುವ ಖಾತೆ, ಮನೆ ಸಾಲದ ಕಂತು ಹೋಗುವ ಖಾತೆ ಅದೇ. ಬ್ಯಾಂಕಿನಲ್ಲಿ ಕೇಳಿದರೆ "ನಮ್ಮ ಕೈಯಲ್ಲಿಲ್ಲ, ಆ ಊರಿನ ಠಾಣೆಯನ್ನು ಕೇಳಿ" ಎನ್ನುತ್ತಾರೆ. ಠಾಣೆಯ ಫೋನ್ ಎತ್ತುವುದಿಲ್ಲ. ಸಾವಿರಾರು ಕಿಲೋಮೀಟರ್ ಹೋಗಿ ಬರಲು ರಜೆ ಎಲ್ಲಿದೆ? ಇಂಥವರು ನನ್ನ ಆಫೀಸಿಗೆ ಬಂದು ಕೂರುತ್ತಾರೆ, ತೆರಿಗೆಯವನಿಗೆ ಏನಾದರೂ ದಾರಿ ಗೊತ್ತಿರಬಹುದು ಅಂತ. ನನಗೆ ಗೊತ್ತಿರುವುದು ಇಷ್ಟೇ: ಪಕ್ಕದ ಕೇರಳದ ಹೈಕೋರ್ಟ್ 2023ರಲ್ಲಿ, ತಕರಾರಿನ ಮೊತ್ತವನ್ನು ಮಾತ್ರ ತಡೆಹಿಡಿಯಿರಿ, ಇಡೀ ಖಾತೆಯನ್ನಲ್ಲ ಎಂದಿದೆ. ಅದನ್ನು ತೋರಿಸಲು ವಕೀಲರು ಬೇಕು. ವಕೀಲರ ಫೀಸಿಗೆ ಹಣ ಬೇಕು. ಹಣ ಇರುವುದು ಫ್ರೀಜ್ ಆದ ಖಾತೆಯಲ್ಲಿ.

ಭಾರತದ ಎಕ್ಸ್‌ಚೇಂಜ್‌ನಲ್ಲೇ ಇಟ್ಟವರ ಕತೆಯೂ ಚೆನ್ನಾಗಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಹ್ಯಾಕ್ ಆಗಿ ಸುಮಾರು 2,000 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ಹೋಯಿತು. ಉಳಿದದ್ದನ್ನು ಹೇಗೆ ಹಂಚಬೇಕು ಎಂದು ತೀರ್ಮಾನ ಆದದ್ದು ಸಿಂಗಾಪುರದ ಕೋರ್ಟಿನಲ್ಲಿ! ಪುತ್ತೂರಿನ ಹುಡುಗನ ಉಳಿತಾಯಕ್ಕೆ ಸಿಂಗಾಪುರದ ನ್ಯಾಯ. 2025ರಲ್ಲಿ ಸುಪ್ರೀಂ ಕೋರ್ಟೇ ಒಂದು ಜಾಮೀನು ಅರ್ಜಿಯ ವಿಚಾರಣೆಯಲ್ಲಿ, ಇದು ನಾಜೂಕಿನ ಹವಾಲಾ ಇದ್ದಂತೆ, ಸರ್ಕಾರ ಯಾಕೆ ಸ್ಪಷ್ಟ ನೀತಿ ತರುತ್ತಿಲ್ಲ ಎಂಬ ಅರ್ಥದಲ್ಲಿ ಕೇಳಿತು. ಅದೇ ವರ್ಷ ಮದ್ರಾಸ್ ಹೈಕೋರ್ಟ್ ಕ್ರಿಪ್ಟೋವನ್ನು ಆಸ್ತಿ ಎಂದು ಕರೆಯಿತು. ಕೋರ್ಟುಗಳು ಒಂದೊಂದೇ ತುಂಡು ಕಾನೂನು ಬರೆಯುತ್ತಿವೆ. ಅದು ನಿಮ್ಮ ಕೆಲಸ ಅಲ್ವಾ ಸಾರ್?

ನಮ್ಮ ಜಿಲ್ಲೆಯವರಿಗೆ ಸಣ್ಣ ಹಣದ ಬೆಲೆ ಹೇಳಿಕೊಡಬೇಕಾಗಿಲ್ಲ. 1928ರಲ್ಲಿ ಉಡುಪಿಯ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯವರು ದಿನಕ್ಕೆ ಎರಡಾಣೆಯ ಪಿಗ್ಮಿ ಸಂಗ್ರಹಿಸಲು ಮನೆಬಾಗಿಲಿಗೆ ಹೋದರು. ಎರಡಾಣೆಗೂ ರಸೀದಿ ಇತ್ತು, ಕೇಳಲು ಒಂದು ಕಚೇರಿ ಇತ್ತು. ಇವತ್ತು ಲಕ್ಷ ಹಾಕಿದ ಹುಡುಗನಿಗೆ ಅದಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇದು. ಮುಂದಿನ ಅಧಿವೇಶನದಲ್ಲಿ ಹಣಕಾಸು ಸಚಿವರಿಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಹಾಕಿ. ಅವರು ನಮ್ಮ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಅವರ ಮೇಲೆ ನಮ್ಮ ಋಣವೂ ಸ್ವಲ್ಪ ಉಂಟು. ಎಕ್ಸ್‌ಚೇಂಜ್‌ಗಳು ಗ್ರಾಹಕರ ಹಣವನ್ನು ತಮ್ಮ ಹಣದಿಂದ ಬೇರೆಯಾಗಿ ಇಡಬೇಕು ಎಂಬ ಕಾನೂನು ಯಾವಾಗ ಬರುತ್ತದೆ? ಹ್ಯಾಕ್ ಆದರೆ ದೂರು ಕೇಳುವ ಪ್ರಾಧಿಕಾರ ಯಾವುದು, ಷೇರುಪೇಟೆ ನೋಡಿಕೊಳ್ಳುವ ಸೆಬಿಯಾ, ರಿಸರ್ವ್ ಬ್ಯಾಂಕಾ? ನಷ್ಟವನ್ನು ಲಾಭದಲ್ಲಿ ಕಳೆಯಲು ಬಿಡದೇ ಇರುವುದರಿಂದ ಖಜಾನೆಗೆ ಬಂದದ್ದೆಷ್ಟು, ವಿದೇಶಿ ಆ್ಯಪ್‌ಗಳಿಗೆ ಹೋದ ವ್ಯವಹಾರ ಎಷ್ಟು? ಗೃಹ ಸಚಿವಾಲಯಕ್ಕೂ ಒಂದು ಪತ್ರ ಬರೆಯಿರಿ: ಬೇರೆ ರಾಜ್ಯದ ಠಾಣೆ ಇಲ್ಲಿನವರ ಖಾತೆ ತಡೆದರೆ, ಅವರು ಸೈಬರ್ ಅಪರಾಧ ನೋಡಿಕೊಳ್ಳುವ ಮಂಗಳೂರಿನ ಸೆನ್ ಪೊಲೀಸ್ ಠಾಣೆಯಲ್ಲೇ ದಾಖಲೆ ಕೊಟ್ಟು ಹೇಳಿಕೆ ನೀಡುವ ವ್ಯವಸ್ಥೆ ಆಗಲಿ. ಇದಕ್ಕೆ ಹೊಸ ಕಾಯಿದೆಯೂ ಬೇಕಾಗಲಿಕ್ಕಿಲ್ಲ, ಒಂದು ಸುತ್ತೋಲೆ ಸಾಕು.

ಫ್ರೀಜ್ ಆದ ಖಾತೆಗಳವರು ಒಪ್ಪಿದರೆ ಅವರ ಕಾಗದಪತ್ರಗಳನ್ನು ಜೋಡಿಸಿ ನಿಮ್ಮ ಮಂಗಳೂರಿನ ಕಚೇರಿಗೆ ತಂದುಕೊಡಲು ನಾನು ತಯಾರಿದ್ದೇನೆ. ರಿಟರ್ನ್ ಕಾಲ ಮುಗಿದ ಮೇಲೆ ಯಾವ ದಿನವಾದರೂ ಆದೀತು. ಜುಲೈಯಲ್ಲಿ ಮಾತ್ರ ಕರೆಯಬೇಡಿ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಒಬ್ಬ ತೆರಿಗೆ ಸಲಹೆಗಾರ, ಮಂಗಳೂರು