ಹೊಸ ಮೋಡೆಮ್ ಹಾಕಿದ ಮೇಲೆ ಫೋನಿಗೆ ಟಿವಿ ಸ್ಟಿಕ್ ಕಾಣದಿದ್ದರೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿನಿಂದ ಮಂಡ್ಯದ ಗುತ್ತಲು, ಕಲ್ಲಹಳ್ಳಿ, ಹೊಸಹಳ್ಳಿ ಮತ್ತು ಸುಭಾಷ್ ನಗರದ ಮನೆಗಳಲ್ಲಿ ಹಳೆಯ ಫೈಬರ್ ಮೋಡೆಮ್ ತೆಗೆದು ಹೊಸದನ್ನು ಹಾಕುತ್ತಿದ್ದೇವೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ, ತಿಂಗಳ ಬಿಲ್ಲೂ ಹೆಚ್ಚುವುದಿಲ್ಲ. ಹಳೆಯ ಮೋಡೆಮ್ 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಬ್ಯಾಂಡಿನಲ್ಲಿ ಮಾತ್ರ ವೈ-ಫೈ ಕೊಡುತ್ತಿತ್ತು. ಹೊಸದು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತದೆ. ಈಗಾಗಲೇ ಮೋಡೆಮ್ ಬದಲಾದ ಮನೆಗಳಿಂದ ಆ ಸಂಜೆ ಕಚೇರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ: "ನೆಟ್ ಚೆನ್ನಾಗಿ ಬರ್ತಾ ಇದೆ, ಆದ್ರೆ ಫೋನಿನ ಆಪ್‌ನಲ್ಲಿ ಟಿವಿ ಸ್ಟಿಕ್ ಕಾಣ್ತಾನೇ ಇಲ್ಲ." ಟಿವಿ ಸ್ಟಿಕ್ ಎಂದರೆ ಟಿವಿಗೆ ಚುಚ್ಚಿ ವೈ-ಫೈ ಮೂಲಕ ಯೂಟ್ಯೂಬ್ ಮುಂತಾದವನ್ನು ನೋಡುವ ಫೈರ್ ಟಿವಿ, ಕ್ರೋಮ್‌ಕಾಸ್ಟ್‌ನಂಥ ಸಾಧನ. ಈ ಪತ್ರ ಆ ಒಂದು ತೊಂದರೆಗಾಗಿ.

ಮೊದಲು ಒಂದು ಕೋರಿಕೆ. ಮೋಡೆಮ್ ಹಾಕಲು ಬಂದವರಿಗೆ ನಿಮ್ಮ ಹಳೆಯ ವೈ-ಫೈ ಹೆಸರು, ಪಾಸ್‌ವರ್ಡ್ ಕೊಟ್ಟು ಅದನ್ನೇ ಹೊಸದಕ್ಕೂ ಹಾಕಿಸಿಕೊಳ್ಳಿ. ಪೆಟ್ಟಿಗೆ ಬದಲಾಯಿತೋ ಇಲ್ಲವೋ ಸ್ಟಿಕ್‌ಗೆ ಬೇಕಿಲ್ಲ, ಅದು ನೋಡುವುದು ಹೆಸರು ಮತ್ತು ಪಾಸ್‌ವರ್ಡನ್ನು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ, ನಡುವೆ ಬಿಟ್ಟ ಜಾಗ ಎಲ್ಲವೂ ಇದ್ದ ಹಾಗೇ ಇರಬೇಕು. ಪಾಸ್‌ವರ್ಡ್ ಮರೆತಿದ್ದರೆ ಹಳೆಯ ಮೋಡೆಮ್ ಕಳಚುವ ಮುಂಚೆಯೇ ಆಂಡ್ರಾಯ್ಡ್ ಫೋನಿನ ವೈ-ಫೈ ಸೆಟ್ಟಿಂಗ್ಸ್‌ನಲ್ಲಿ 'ಶೇರ್' ಒತ್ತಿ ನೋಡಿ. ಕೆಲವು ಫೋನುಗಳಲ್ಲಿ ಕ್ಯೂಆರ್ ಕೋಡಿನ ಕೆಳಗೆ ಪಾಸ್‌ವರ್ಡ್ ಬರೆದಿರುತ್ತದೆ. ಇಷ್ಟು ಮಾಡಿದರೆ ಸ್ಟಿಕ್, ಕ್ಯಾಮೆರಾ, ಪ್ರಿಂಟರ್ ಎಲ್ಲವೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ವೈ-ಫೈ ಭದ್ರತೆಯನ್ನು ನಾವು ಡಬ್ಲ್ಯುಪಿಎ2 ಎಂಬ ಬಗೆಯಲ್ಲೇ ಇಡುತ್ತೇವೆ. ದಯವಿಟ್ಟು ಅದನ್ನು 'ಡಬ್ಲ್ಯುಪಿಎ3 ಮಾತ್ರ' ಎಂದು ಬದಲಾಯಿಸಬೇಡಿ, ಹಳೆಯ ಸ್ಟಿಕ್‌ಗಳಿಗೆ ಅದು ಅರ್ಥವಾಗುವುದಿಲ್ಲ.

ಇನ್ನು, ಫೋನ್ ಸ್ಟಿಕ್ಕನ್ನು ಹುಡುಕುವ ಬಗೆ ಗೊತ್ತಿದ್ದರೆ ತೊಂದರೆಯನ್ನು ಅರ್ಧ ನೀವೇ ಹಿಡಿಯಬಹುದು. ಆಪ್ ತೆರೆದ ತಕ್ಷಣ ಫೋನ್ ಮನೆಯ ವೈ-ಫೈ ಒಳಗೇ "ಯಾರಿದ್ದೀರಿ?" ಎಂದು ಒಂದು ಕೂಗು ಹಾಕುತ್ತದೆ. ಮೋಡೆಮ್ ಆ ಕೂಗನ್ನು ಮನೆಯ ಎಲ್ಲ ಸಾಧನಗಳಿಗೂ ಮುಟ್ಟಿಸಬೇಕು, ಸ್ಟಿಕ್ "ನಾನಿದ್ದೇನೆ" ಎನ್ನಬೇಕು. ಈ ಕೂಗು ಮನೆಯ ಜಾಲ ದಾಟಿ ಹೊರಗೆ ಹೋಗುವುದಿಲ್ಲ. ಆದ್ದರಿಂದ ನಿಮ್ಮ ಪ್ಲಾನ್ 50 ಎಂಬಿಪಿಎಸ್ ಇರಲಿ 300 ಇರಲಿ, ಸ್ಟಿಕ್ ಕಾಣುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ಲಾನ್ ಏರಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮ ಹುಡುಗರೇ ಹೇಳಿದರೂ.

ಹೊಸ ಮೋಡೆಮ್‌ನಲ್ಲಿ ಈ ಕೂಗನ್ನು ತಡೆಯುವ ಒಂದು ಸೆಟ್ಟಿಂಗ್ ಇದೆ, 'ಎಪಿ ಐಸೊಲೇಶನ್' ಎಂದು. ಹೋಟೆಲು, ಲಾಡ್ಜ್‌ಗಳಲ್ಲಿ ಒಬ್ಬರ ಫೋನ್ ಇನ್ನೊಬ್ಬರಿಗೆ ಕಾಣದಿರಲಿ ಎಂದು ಇಟ್ಟಿದ್ದು ಅದು, ಮನೆಗೆ ಬೇಡ. ಮೊದಲು ಹಾಕಿದ ಕೆಲವು ಮೋಡೆಮ್‌ಗಳಲ್ಲಿ ನಾವು ಅದನ್ನು ಆಫ್ ಮಾಡದೆ ಬಿಟ್ಟಿದ್ದೆವು. ತಪ್ಪು ನಮ್ಮದೇ, ಕ್ಷಮೆ ಇರಲಿ. ಈಗ ಕಚೇರಿಯಿಂದಲೇ ಆಫ್ ಮಾಡಿ ಕಳಿಸುತ್ತಿದ್ದೇವೆ. 'ಗೆಸ್ಟ್' ಎಂಬ ವೈ-ಫೈ ನಿಮ್ಮಲ್ಲಿ ಇದ್ದರೆ ಅಲ್ಲೂ ಇದೇ ತಡೆ ಇರುತ್ತದೆ. ಸ್ಟಿಕ್ಕನ್ನೂ ಫೋನನ್ನೂ ಅದಕ್ಕೆ ಸೇರಿಸಬೇಡಿ.

ಮಹಡಿ ಮನೆಗಳವರು ಮುಂದಿನದನ್ನು ಗಮನಿಸಿ ಓದಬೇಕು. ಕೆಳಗೆ ನಮ್ಮ ಮೋಡೆಮ್, ಮೇಲೆ ನೀವೇ ಅಂಗಡಿಯಿಂದ ತಂದ ರೂಟರ್ ಇದ್ದರೆ ಮನೆಯೊಳಗೆ ಎರಡು ಜಾಲಗಳಾಗಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆ ಯೂಟ್ಯೂಬ್ ಓಡುತ್ತದೆ, ಆದರೆ ಮೇಲಿನ ಫೋನಿಗೆ ಕೆಳಗಿನ ಟಿವಿ ಕಾಣುವುದಿಲ್ಲ. ಪರೀಕ್ಷೆ ಸುಲಭ. ಫೈರ್ ಟಿವಿ ಸ್ಟಿಕ್‌ನಲ್ಲಿ ಸೆಟ್ಟಿಂಗ್ಸ್, ಮೈ ಫೈರ್ ಟಿವಿ, ಅಬೌಟ್, ನೆಟ್‌ವರ್ಕ್ ಎಂದು ಹೋದರೆ ಐಪಿ ವಿಳಾಸ, ಅಂದರೆ ಜಾಲದಲ್ಲಿ ಆ ಸಾಧನದ ಸಂಖ್ಯೆ, ಸಿಗುತ್ತದೆ. ಫೋನಿನಲ್ಲಿ ವೈ-ಫೈ ಹೆಸರನ್ನು ಒತ್ತಿದರೆ ಸಿಗುತ್ತದೆ. ಎರಡರಲ್ಲೂ ಚುಕ್ಕಿಗಳಿಂದ ಬೇರೆಯಾದ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರು ಒಂದೇ ಆಗಿರಬೇಕು. ಒಂದು 192.168.1.7, ಇನ್ನೊಂದು 192.168.0.12 ಎಂದಿದ್ದರೆ ರೋಗ ಸಿಕ್ಕಿತು. ಮೇಲಿನ ರೂಟರಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಇದ್ದರೆ ಅದನ್ನು ಆನ್ ಮಾಡಿ, ಅಷ್ಟೇ ಸಾಕು. ಇಲ್ಲದಿದ್ದರೆ ಮೊದಲು ಅದರ ವಿಳಾಸವನ್ನು ನಮ್ಮ ಮೋಡೆಮ್‌ಗೆ ಡಿಕ್ಕಿ ಹೊಡೆಯದಂತೆ, ಉದಾಹರಣೆಗೆ 192.168.1.250 ಎಂದು ಬದಲಾಯಿಸಿ. ಅದರ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು 'ವ್ಯಾನ್' (WAN) ತೂತಿನಿಂದ ಕಿತ್ತು 'ಲ್ಯಾನ್' (LAN) ತೂತಿಗೆ ಚುಚ್ಚಿ. ವ್ಯಾನ್ ತೂತಿನ ಬಣ್ಣ ಸಾಮಾನ್ಯವಾಗಿ ಬೇರೆ ಇರುತ್ತದೆ. ಕಷ್ಟ ಎನಿಸಿದರೆ ಕೈ ಹಾಕಬೇಡಿ, ಹೇಳಿಕಳಿಸಿ, ಬಂದು ಮಾಡಿಕೊಡುತ್ತೇವೆ.

ಜಾಲ ಒಂದೇ ಇದ್ದೂ ಕಾಣದಿದ್ದರೆ ಫೋನಿನ ಕಡೆ ತಿರುಗಿ. ಐಫೋನಿನಲ್ಲಿ ಐಒಎಸ್ 14 ಬಂದಾಗಿನಿಂದ, ಅಂದರೆ 2020ರಿಂದ, ಪ್ರತಿ ಆಪ್‌ಗೂ 'ಲೋಕಲ್ ನೆಟ್‌ವರ್ಕ್' ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಎಂದು ಒತ್ತಿಬಿಟ್ಟಿರುತ್ತೇವೆ. ಪ್ರೈವಸಿ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿ. ಇತ್ತೀಚಿನ ಆಂಡ್ರಾಯ್ಡ್ ಫೋನುಗಳಲ್ಲಿ 'ನಿಯರ್‌ಬೈ ಡಿವೈಸಸ್' ಎಂಬ ಅನುಮತಿ ಇದೆ. ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ, ಮೊಬೈಲ್ ಡೇಟಾವನ್ನೂ ಒಮ್ಮೆ ಆಫ್ ಮಾಡಿ ನೋಡಿ.

ವೈ-ಫೈ ಹೆಸರು ಬದಲಾಗಿಹೋಗಿದೆ, ಫೈರ್ ಟಿವಿ ಸ್ಟಿಕ್‌ನ ರಿಮೋಟೂ ಕೆಟ್ಟಿದೆ ಅಥವಾ ಕಳೆದಿದೆ ಎಂದುಕೊಳ್ಳಿ. ಹೊಸ ವೈ-ಫೈ ಆರಿಸಲು ರಿಮೋಟ್ ಬೇಕು, ಫೋನಿನ ಆಪನ್ನೇ ರಿಮೋಟ್ ಮಾಡಿಕೊಳ್ಳೋಣವೆಂದರೆ ಸ್ಟಿಕ್ ವೈ-ಫೈಗೆ ಸೇರಿಯೇ ಇಲ್ಲ. ಇದಕ್ಕೂ ದಾರಿ ಇದೆ, ಎರಡು ಫೋನ್ ಬೇಕು. ಮೊದಲ ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು ಅದಕ್ಕೆ ಹಳೆಯ ವೈ-ಫೈ ಹೆಸರು, ಹಳೆಯ ಪಾಸ್‌ವರ್ಡ್ ಇಡಿ, ಬ್ಯಾಂಡ್ 2.4, ಭದ್ರತೆ ಡಬ್ಲ್ಯುಪಿಎ2. ಸ್ಟಿಕ್ಕನ್ನು ಕರೆಂಟಿನಿಂದ ಕಿತ್ತು ಮತ್ತೆ ಹಾಕಿ. ಅದು ಹಳೆಯ ಮನೆಯೇ ಸಿಕ್ಕಿತೆಂದು ಹಾಟ್‌ಸ್ಪಾಟಿಗೆ ಸೇರುತ್ತದೆ. ಎರಡನೇ ಫೋನನ್ನೂ ಅದೇ ಹಾಟ್‌ಸ್ಪಾಟಿಗೆ ಸೇರಿಸಿ ಫೈರ್ ಟಿವಿ ಆಪ್ ತೆರೆಯಿರಿ. ಟಿವಿ ಮೇಲೆ ಬರುವ 4 ಅಂಕಿಯ ಸಂಖ್ಯೆ ಒತ್ತಿದರೆ ಫೋನೇ ರಿಮೋಟ್. ಅಲ್ಲಿಂದ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ವೈ-ಫೈ ಆರಿಸಿ, ಹಾಟ್‌ಸ್ಪಾಟ್ ಆಫ್ ಮಾಡಿ, ಎರಡನೇ ಫೋನನ್ನು ಹೊಸ ವೈ-ಫೈಗೆ ತನ್ನಿ.

ರಿಮೋಟ್ ಇಲ್ಲದ ಹಳೆಯ ಕ್ರೋಮ್‌ಕಾಸ್ಟ್ ಇರುವವರು ಅದು ಆನ್ ಇರುವಾಗಲೇ ಅದರ ಗುಂಡಿಯನ್ನು ಸುಮಾರು 25 ಸೆಕೆಂಡ್ ಒತ್ತಿಹಿಡಿದು ರೀಸೆಟ್ ಮಾಡಿ, ಗೂಗಲ್ ಹೋಮ್ ಆಪ್‌ನಿಂದ ಮತ್ತೆ ಜೋಡಿಸಬೇಕು. ಜೋಡಿಸುವಾಗ ಫೋನಿನ ಬ್ಲೂಟೂತ್, ಲೊಕೇಶನ್ ಎರಡೂ ಆನ್ ಇರಲಿ. 2013ರ ಮೊದಲ ಕ್ರೋಮ್‌ಕಾಸ್ಟ್ 2.4 ಒಂದನ್ನೇ ಹಿಡಿಯುತ್ತದೆ, ಹಾಗಾಗಿ ಮೋಡೆಮ್‌ನಲ್ಲಿ 2.4 ಬ್ಯಾಂಡನ್ನು ಆಫ್ ಮಾಡಬೇಡಿ. 2.4ಕ್ಕೆ ಒಂದು ಹೆಸರು, 5ಕ್ಕೆ ಇನ್ನೊಂದು ಬೇಕೆನ್ನುವವರಿಗೆ ಹಾಗೇ ಮಾಡಿಕೊಡುತ್ತೇವೆ. ಹೆಸರು ಎರಡಾದರೂ ಜಾಲ ಒಂದೇ, ಆಪ್‌ಗೆ ಟಿವಿ ಕಾಣುತ್ತದೆ.

ಕಂಡ ಸ್ಟಿಕ್ ಆಗಾಗ ಮಾಯವಾಗುತ್ತಿದ್ದರೆ ಅದರ ಕರೆಂಟ್ ನೋಡಿ. ಟಿವಿಯ ಯುಎಸ್‌ಬಿ 2.0 ತೂತು ಲೆಕ್ಕಕ್ಕೆ ಅರ್ಧ ಆಂಪ್ ಕೊಡುವಂಥದ್ದು, ಸ್ಟಿಕ್‌ನ ಜೊತೆ ಬಂದ ಅಡಾಪ್ಟರ್ 5 ವೋಲ್ಟ್, 1 ಆಂಪ್. ಗೋಡೆಯ ಸಾಕೆಟ್ಟಿಗೇ ಹಾಕಿ. ಟಿವಿಯ ಬೆನ್ನಿಗೆ ಅಂಟಿಕೊಂಡ ಸ್ಟಿಕ್‌ಗೆ ಟಿವಿಯ ಲೋಹವೇ ಅಡ್ಡ; ಡಬ್ಬಿಯಲ್ಲಿ ಗೇಣುದ್ದವೂ ಇಲ್ಲದ ಒಂದು ಎಚ್‌ಡಿಎಂಐ ತುಂಡು ಕೇಬಲ್ ಇರುತ್ತದೆ, ಬೇಡವೆಂದು ಎತ್ತಿಟ್ಟದ್ದನ್ನು ಹುಡುಕಿ ಹಾಕಿ. ಕರೆಂಟ್ ಹೋಗಿ ಬಂದಾಗ ಮೋಡೆಮ್ ಸಿದ್ಧವಾಗುವ ಮುಂಚೆ ಸ್ಟಿಕ್ ಎದ್ದಿರುತ್ತದೆ. ಮೋಡೆಮ್‌ನ 'ಪಾನ್' (PON, ಫೈಬರ್ ಸಂಪರ್ಕದ) ದೀಪ ಹಸಿರಾಗಿ ನಿಂತ ಮೇಲೆ ಸ್ಟಿಕ್ಕನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಇಷ್ಟಾದರೂ ಆಗದಿದ್ದರೆ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ. ಮೇಲೆ ಹೇಳಿದ ಎರಡು ಐಪಿ ವಿಳಾಸಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಫೋನಿನಲ್ಲೇ ಬಗೆಹರಿಯಬಹುದು. ಮೋಡೆಮ್‌ನಲ್ಲಿ 'ಲಾಸ್' (LOS) ದೀಪ ಕೆಂಪಾಗಿದ್ದರೆ ಇದಾವುದನ್ನೂ ಮಾಡಬೇಡಿ. ಅದು ಫೈಬರ್ ತಂತಿಯ ತೊಂದರೆ, ನಾವೇ ಬರಬೇಕು.

ಇಂತಿ ನಿಮ್ಮ ವಿಶ್ವಾಸಿಗಳು,
ನಿಮ್ಮ ಬಡಾವಣೆಯ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ಕಚೇರಿ, ಮಂಡ್ಯ